ಹುಕ್ಕೇರಿಯ ಕಂಪ್ಯೂಟರಿನ ಹೆಸರು

ಮದುವೆಯಾಗಿ ಹುಕ್ಕೇರಿಗೆ ಬಂದರೂ ಗೋಕಾಕಿನ ಪ್ರೆಸ್ಸಿನ ಕೆಲಸ ಬಿಡುವವಳಲ್ಲ ಎಂದು ನಾನು ಹಟ ಹಿಡಿದಿದ್ದೆ. ಲಗ್ನಪತ್ರಿಕೆ ಟೈಪು ಮಾಡಿ ಹೊಂದಿಸುವುದು ನನ್ನ ಕೆಲಸ. ಪ್ರೆಸ್ಸಿನ ಮಾಲಕರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರದು ಒಂದೇ ಕರಾರು.

"ನೀ ಮನ್ಯಾಗ ಕುಂತ ಮಾಡವಾ, ಬ್ಯಾಡ ಅನ್ನಂಗಿಲ್ಲ. ಆದ್ರ ನಿನ್ನ ಕಂಪ್ಯೂಟರ್ ಇಲ್ಲಿ ನನಗ ಕಾಣಬೇಕು, ಪತ್ರಿಕಿ ಅದರಾಗಿಂದನ ತಗದು ಛಾಪಸ್ಬೇಕು. ಲಗ್ನದ ಸೀಜನ್ ಸುರು ಆಗೂದ್ರಾಗ ಆಗ್ಲಿಲ್ಲಂದ್ರ ನಿನ್ನ ಕುರ್ಚಿಗೆ ಬ್ಯಾರೆದವ್ರನ್ನ ಕುಂಡ್ರಸ್ತೇನಿ."

ಎರಡೂ ಊರಿಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಮೂಡಲಗಿಯ ಕಂಪ್ಯೂಟರ್ ರಿಪೇರಿಯವನೊಬ್ಬ ಅಲ್ಲಿಗೂ ಇಲ್ಲಿಗೂ ಓಡಾಡಿ ವಿಪಿಎನ್ ಕೂಡಿಸಿದ. ಅಂದರೆ ಇಂಟರ್ನೆಟ್ಟಿನೊಳಗೇ ನಮ್ಮ ಮನೆಗೂ ಪ್ರೆಸ್ಸಿಗೂ ಒಂದು ಖಾಸಗಿ ದಾರಿ. ದಾರಿಯೇನೋ ಆಯಿತು. ಆದರೆ ಅಕ್ಕಪಕ್ಕದ ಕಂಪ್ಯೂಟರುಗಳನ್ನೆಲ್ಲ ತೋರಿಸುವ ಕಾಕಾನ ಪರದೆಯಲ್ಲಿ ನನ್ನದೊಂದು ಕಾಣಲೇ ಇಲ್ಲ! ಫೋನು ಮಾಡುವುದು, ಕೇಳುವುದು, ಮತ್ತೆ ಮಾಡುವುದು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

"ಬ್ಯಾಳಿ ತಳಾ ಹತ್ತಾಕತ್ತೈತಿ, ಇಕಿ ಗ್ಯಾನೆಲ್ಲಾ ಆ ಡಬ್ಬಿ ಮ್ಯಾಲ" ಎಂದು ಅತ್ತೆ ಅಡುಗೆಮನೆಯಿಂದ ಗೊಣಗಿದರು. ಹತ್ತಲಿ ಬಿಡು ಎಂದುಕೊಂಡೆ.

ರಿಪೇರಿಯವನನ್ನು ಫೋನಿನಲ್ಲೇ ತರಾಟೆಗೆ ತೆಗೆದುಕೊಂಡೆ. ಅವನು ನಕ್ಕ. "ಅಕ್ಕಾರ, ಕಂಪ್ಯೂಟರ್ 'ನಾ ಇಲ್ಲಿ ಅದೀನಿ' ಅಂತ ಡಂಗುರ ಹೊಡಿತೈತ್ರಿ. ಆ ಡಂಗುರ ಊರ ಅಗಸಿ ಬಾಗ್ಲಾ ದಾಟಂಗಿಲ್ಲ. ಪ್ರೆಸ್ಸಿನ ಕಂಪ್ಯೂಟರಿನ್ಯಾಗ ನಿಮ್ಮದರ ಹೆಸರು, ವಿಳಾಸ ನಾವ ಬರದ್ ಇಡಬೇಕ್ರಿ."

ಮಾರನೆಯ ದಿನ ಅವನು ಪ್ರೆಸ್ಸಿಗೆ ಹೋಗಿ ಕೂತ. ನಾನು ಫೋನಿನಲ್ಲಿ ವಿಳಾಸದ ಅಂಕಿಗಳನ್ನು ಹೇಳಿದೆ. ಹೆಸರನ್ನು ಕಾಕಾ ಪಕ್ಕದಲ್ಲಿ ನಿಂತು ಬರೆಸಿದರು. ಆದರೂ ತೆರೆಯಲಿಲ್ಲ.

"ವಿಳಾಸ ಖರೆ ಐತ್ರಿ ಅಕ್ಕಾರ. ಇಲ್ಲಿ ಬರದ ಹೆಸರು ನಿಮ್ಮ ಕಂಪ್ಯೂಟರಿನ ಹೆಸರಿಗೆ ಹೊಂದವಲ್ದು. ಅದು ಒಳಗ ಬಿಡವಲ್ದು."

"ಕಾಕಾ, ಏನ್ ಬರಸೀರಿ?"

"ನಿನ್ನ ಹೆಸರವಾ! ಮತ್ಯಾರದು ಬರಸ್ಲಿ?"

ಕಾಕಾ ಬರೆಸಿದ್ದು ನನ್ನಪ್ಪ ಇಟ್ಟ ಹೆಸರು. ಈ ಮನೆಯಲ್ಲಿ ಆ ಹೆಸರೇ ಇರಲಿಲ್ಲ. ಮದುವೆಯ ದಿನ ಅತ್ತೆ ಆರಿಸಿದ ಹೊಸ ಹೆಸರನ್ನು ನನ್ನವರು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ನಕ್ಕೆ. ಆಮೇಲೆ ಕಂಪ್ಯೂಟರ್ ತಂದ ದಿನ ನನ್ನವರು ಪ್ರೀತಿಯಿಂದ ಅದಕ್ಕೂ ಅದೇ ಹೆಸರು ಕೊಟ್ಟರು. ಪ್ರೀತಿಯಿಂದಲೇ, ಸುಳ್ಳು ಯಾಕೆ ಹೇಳಲಿ.

'ಕಾಕಾ, ಹೊಸ ಹೆಸರು ಬರಸ್ರಿ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿಗೇ ಬರಲಿಲ್ಲ. ಪ್ರೆಸ್ಸಿನಲ್ಲೂ ಅಪ್ಪ ಇಟ್ಟ ಹೆಸರು ಹೋದರೆ ನಾನು ಇನ್ನೆಲ್ಲಿ ಉಳಿಯಲಿ? ಸಿಟ್ಟು ನೆತ್ತಿಗೇರಿತು. "ಒಂದೀಟು ತಡೀರಿ" ಎಂದು ಫೋನಿಟ್ಟು, ಕಂಪ್ಯೂಟರಿನಲ್ಲಿದ್ದ ಹೆಸರು ಅಳಿಸಿ ನನ್ನ ಹೆಸರು ಬರೆದೆ. ಅದು ಆರಿ ಮತ್ತೆ ಹೊತ್ತಿಕೊಳ್ಳುವವರೆಗೆ ಉಗುರು ಕಡಿಯುತ್ತ ಕೂತೆ.

ಫೋನು ಬಂತು. "ತಗೀತವಾ! ಪತ್ರಿಕಿ ಛಾಪಸಾಕತ್ತೇನಿ. ನಿನ್ನ ಕುರ್ಚಿ ನಿಂದ ನೋಡು" ಎಂದರು ಕಾಕಾ.

ಸಂಜೆ ನನ್ನವರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ನಾ ಇಟ್ಟ ಹೆಸರೆಲ್ಲಿ?"

"ಅಳಿಸೇನ್ರಿ. ಕೆಲಸ ಉಳೀಬೇಕಂದ್ರ ಈ ಹೆಸರ ಬೇಕು." ಪರದೆಯ ಕಡೆ ಬೆರಳು ಮಾಡಿದೆ. "ನನಗೂ ಇದ ಬೇಕು."

ಒಳಗಿನಿಂದ ಅತ್ತೆ ಹೊಸ ಹೆಸರು ಹಿಡಿದು ಕೂಗಿದರು. ನಾನು ಏಳಲಿಲ್ಲ. ಇನ್ನೊಮ್ಮೆ ಕೂಗಿದರು. ಆಗ ನನ್ನವರು ಪರದೆಯ ಮೇಲಿದ್ದ ಹೆಸರನ್ನು ಮೆಲ್ಲಗೆ, ತಡವರಿಸಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಅದೇ ಹೆಸರು ಹಿಡಿದು, "ಅವ್ವ ಕರ್ಯಾಕತ್ತಾಳ" ಎಂದರು.

"ಬಂದ್ನಿ" ಎಂದು ಎದ್ದೆ.