ಕಿಕ್ಕೇರಿಯ ತೊಟ್ಟಿಲು

ತಮ್ಮನಿಗೆ ಮಗಳು ಹುಟ್ಟಿದ ಸುದ್ದಿಯನ್ನು ಅವ್ವ ಅರಕೆರೆಯ ಎಸ್‌ಟಿಡಿ ಬೂತಿನಿಂದ ಕೂಗಿ ಹೇಳಿದಳು. ಫೋನಿನಲ್ಲಿ ಕೂಗದಿದ್ದರೆ ಅಷ್ಟು ದೂರಕ್ಕೆ ಕೇಳಿಸುವುದಿಲ್ಲ ಎಂಬುದು ಅವಳ ನಂಬಿಕೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ಉತ್ತರದ ಊರೊಂದರ ಕಾಲೇಜಿನಲ್ಲಿ ಪರಮಾಣು ಎಂಜಿನಿಯರಿಂಗ್ ಪಾಠ ಹೇಳುತ್ತಾ ಒಂಟಿಯಾಗಿದ್ದ ನನಗಾಗಿ ಮನೆಯವರು ಯಾವುದಕ್ಕೂ ಕಾಯುತ್ತಿರಲಿಲ್ಲ. ಇದಕ್ಕೆ ಮಾತ್ರ ಕಾಯಲೇಬೇಕಿತ್ತು. ಹೆಸರನ್ನೂ ನಾನೇ ಆರಿಸಿದ್ದೆ. ರೈಲಿನುದ್ದಕ್ಕೂ ಅದನ್ನು ಮೆಲ್ಲಗೆ ಹೇಳಿ ಹೇಳಿ ನೋಡಿಕೊಂಡೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ರಿಯಾಕ್ಟರಿನ ಇಂಧನವನ್ನು ಒಳಗಿಟ್ಟುಕೊಳ್ಳುವ ತೆಳು ಲೋಹದ ಕೊಳವೆ ನನ್ನ ಸಂಶೋಧನೆಯ ವಿಷಯ. ಬಿಸಿ ಮಿತಿಮೀರಿದರೆ ಅದು ಯಾವಾಗ ಬಿರಿಯುತ್ತದೆ, ಬಿರಿಯದಂತೆ ಏನು ಮಾಡಬೇಕು, ಇಷ್ಟೇ. ನಮ್ಮ ಪ್ರಯೋಗಾಲಯದಲ್ಲಿ ಕಾಯಿಸುತ್ತಿದ್ದದ್ದು ಖಾಲಿ ಕೊಳವೆಗಳನ್ನು. ವಿಕಿರಣದ ಹತ್ತಿರ ನಾನು ಸುಳಿದವಳೇ ಅಲ್ಲ. ಆದರೂ ವಿದ್ಯಾರ್ಥಿಗಳು ವರದಿಯಲ್ಲಿ ‘ಏನೂ ಆಗುವುದಿಲ್ಲ’ ಎಂದು ಬರೆದರೆ ಹೊಡೆದುಹಾಕುತ್ತಿದ್ದೆ. ಅಷ್ಟು ಖಡಾಖಂಡಿತವಾಗಿ ಹೇಳಲು ನೀವು ಯಾರು ಎಂದು ಗದರುತ್ತಿದ್ದೆ.

ನಾಮಕರಣ ತಮ್ಮನ ಹೆಂಡತಿಯ ತವರಾದ ಕಿಕ್ಕೇರಿಯಲ್ಲಿ. ಬೆಳಗ್ಗೆ ಬಸ್ಸಿನಲ್ಲಿ ಅವ್ವ ಕಂಡಕ್ಟರನ್ನೂ ಬಿಡಲಿಲ್ಲ. “ನನ್ ಮಗ್ಳು ಕಣಪ್ಪ. ಅಣುಶಕ್ತಿ ಪ್ರೊಫೆಸರು!” ಎಂದಳು. ಅವನು ಚಿಲ್ಲರೆ ಕೇಳಿದ.

ತೊಟ್ಟಿಲಿಗೆ ಸೇವಂತಿಗೆ ಕಟ್ಟಿದ್ದರು. ನಾನು ಮಣೆಯ ಮೇಲೆ ಕೂತು ಕೈ ಚಾಚಿದೆ. ಬಾಣಂತಿಯ ತಾಯಿ ಮಗುವನ್ನೆತ್ತಿಕೊಂಡು ಬಂದವರು ನನ್ನೆದುರು ನಿಂತುಬಿಟ್ಟರು.

“ತಪ್ ತಿಳ್ಕಬ್ಯಾಡಿ ಕಣವ್ವ. ಆ ಅಣು ಇಸ ಮೈಗೆ ಅಂಟ್ಕಂಡ್ ಬತ್ತದೆ ಅಂತಾರೆ. ಎಳೇ ಕೂಸು. ಏನೂ ಆಗಾಕಿಲ್ಲ ಅಂತ ಒಂದ್ ಮಾತ್ ಏಳ್ಬುಡಿ, ಸಾಕು.”

ಆ ಒಂದು ಮಾತು ಆಡಿದ್ದರೆ ಮಗು ನನ್ನ ಕೈಗೆ ಬರುತ್ತಿತ್ತು. ಆದರೆ ಅಭ್ಯಾಸಬಲ, ನನ್ನ ಬಾಯಿಂದ ಬಂದದ್ದು ಬೇರೆ. “ಆಗೋ ಸಾಧ್ಯತೆ ಇಲ್ಲ ಅಂತಲೇ ಹೇಳಬಹುದು,” ಎಂದೆ.

“ಏಳ್ಬೋದು ಅಂದ್ರೆ?”

ಕೊಳವೆ ಖಾಲಿ ಎಂದು ವಿವರಿಸಲು ಹೊರಟೆ. ವಿವರಿಸಿದಷ್ಟೂ ಆಕೆ ಮಗುವನ್ನು ಇನ್ನಷ್ಟು ಎದೆಗೊತ್ತಿಕೊಂಡರು. ತಮ್ಮ ನೆಲ ನೋಡುತ್ತಿದ್ದ. ಅವ್ವ ತೊಟ್ಟಿಲಿನ ಸೇವಂತಿಗೆಯನ್ನು ಸರಿಮಾಡತೊಡಗಿದಳು. ಕೊನೆಗೆ ನಮ್ಮ ದೊಡ್ಡಪ್ಪನ ಮಗಳು ಮುಂದೆ ಬಂದು, ನಾನು ಆರಿಸಿದ ಹೆಸರನ್ನು ಆ ಪುಟ್ಟ ಕಿವಿಯಲ್ಲಿ ಹೇಳಿದಳು. ನಾನು ಕಂಬದ ಪಕ್ಕ ನಿಂತು ಎಲ್ಲರ ಜೊತೆ ಅಕ್ಷತೆ ಹಾಕಿದೆ. ಏನೂ ಆಗುವುದಿಲ್ಲವೇ ಎಂದು ಆಕೆ ಕೇಳಿದ್ದು ನಾನು ಪ್ರಯೋಗಾಲಯದಲ್ಲಿ ದಿನಾ ಕೇಳುವ ಪ್ರಶ್ನೆಯನ್ನೇ, ಹಾಗಾಗಿ ಬಯ್ಯಲೂ ಆಗಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಊಟಕ್ಕೆ ಕೂತಿರಲಿಲ್ಲ.

ಹಿಂದಿರುಗುವಾಗ ಕೆ.ಆರ್. ಪೇಟೆಯಲ್ಲಿ ಬಸ್ಸು ತುಂಬಿತು. ಸೀಟು ಸಿಗದ ಹೆಂಗಸೊಬ್ಬಳು, “ಒಸಿ ಇಟ್ಕಳಕ್ಕ” ಎಂದವಳೇ ಕೈಗೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ನಮ್ಮ ಕಡೆ ಬಸ್ಸುಗಳಲ್ಲಿ ಇದಕ್ಕೆ ಯಾರೂ ಅಪ್ಪಣೆ ಕೇಳುವುದಿಲ್ಲ. ಕೂಸು ನನ್ನ ಬೆರಳು ಹಿಡಿದು ನಿದ್ದೆ ಹೋಯಿತು. ಅದರ ನೆತ್ತಿಯಲ್ಲಿ ಹರಳೆಣ್ಣೆ ವಾಸನೆ.

ಸ್ವಲ್ಪ ಹೊತ್ತಿನ ಮೇಲೆ ಆ ಹೆಂಗಸು, “ಏನ್ ಕೆಲ್ಸದಲ್ಲಿದ್ದೀರಕ್ಕ?” ಎಂದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅವ್ವ, “ಸ್ಕೂಲ್ ಟೀಚರು ಕಣವ್ವ. ಸಣ್ ಮಕ್ಳಿಗೆ ಅಆಇಈ ಏಳ್ಕೊಡ್ತಾಳೆ,” ಎಂದುಬಿಟ್ಟಳು. ಎಂದವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಪಾಂಡವಪುರದಲ್ಲಿ ಆ ತಾಯಿ ಕೂಸನ್ನೆತ್ತಿಕೊಂಡು ಇಳಿಯುವವರೆಗೂ ನಾನು ಆ ಮಾತನ್ನು ತಿದ್ದಲಿಲ್ಲ. ಅವ್ವ ಮತ್ತೆಂದೂ ಯಾವ ಕಂಡಕ್ಟರಿಗೂ ನಾನು ಪ್ರೊಫೆಸರೆಂದು ಹೇಳಲಿಲ್ಲ.