ಕ್ರಿಸ್‌ಮಸ್ ನಾಟಕದ ಕುರಿಮರಿ

ಆ ಕುರಿಮರಿ ಸತ್ತದ್ದು ನನ್ನಿಂದ. ಕೋಣೆಯ ಚಿಲಕ ಹಾಕದೆ ಹೋದವನು ನಾನು, ಬೀರಪ್ಪನಲ್ಲ. ಇಷ್ಟು ಹೇಳಲು ಅರ್ಧ ಆಯುಷ್ಯ ಹಿಡಿಯಿತು. ಹೇಳಿದ ಮೇಲೆ ಎದೆ ಹೀಗೆ ಹಗುರಾಗುತ್ತದೆಂದು ಮೊದಲೇ ಗೊತ್ತಿದ್ದರೆ — ಇಲ್ಲ, ಗೊತ್ತಿದ್ದರೂ ಆಗ ಹೇಳುತ್ತಿದ್ದೆನೆಂದು ಆಣೆ ಮಾಡಲಾರೆ.

ಎಂಬತ್ತರ ದಶಕದ ಮಾತು. ಕುಂದಗೋಳದ ಕಡೆ ಫಾದರ್‌ಗಳು ನಡೆಸುತ್ತಿದ್ದ ಒಂದು ಸಣ್ಣ ಕಾಲೇಜಿನಲ್ಲಿ ನಾನು ಬಿ.ಎ. ಓದುತ್ತಿದ್ದೆ. ಅಣ್ಣಿಗೇರಿಯಲ್ಲಿ ನಮ್ಮದು ಕಾಳಿನ ವ್ಯಾಪಾರ. ನಾನು ಕಾಲೇಜಿನ ಹಾಸ್ಟೆಲಿನಲ್ಲಿದ್ದೆ. ಅಲ್ಲಿ ಪಾಠದಷ್ಟೇ ಜೋರಾಗಿ ಸಂಘಗಳು ನಡೆಯುತ್ತಿದ್ದವು — ಚರ್ಚಾಕೂಟ, ಹಾಡಿನ ಗುಂಪು, ಎನ್‌ಎಸ್‌ಎಸ್ ಶಿಬಿರ. ಎಲ್ಲಕ್ಕಿಂತ ದೊಡ್ಡದು ನಾಟಕ ಸಂಘ. ಅದರ ಕಾರ್ಯದರ್ಶಿ ನಾನು. ವೇಷಭೂಷಣದ ಕೋಣೆಯ ಉಸ್ತುವಾರಿಯೂ ನನ್ನದೇ.

ಪ್ರತಿ ಡಿಸೆಂಬರಿನಲ್ಲಿ ಯೇಸುವಿನ ಜನನದ ನಾಟಕವಾಡುತ್ತಿದ್ದೆವು. ಆಡುವವರಲ್ಲಿ ಕ್ರೈಸ್ತರು ಒಬ್ಬರೂ ಇರಲಿಲ್ಲ. ಜೋಸೆಫನಾದವನು ಗುಡಗೇರಿಯ ಗೌಡರ ಹುಡುಗ. ನಾನು ದುಷ್ಟ ರಾಜ. ಕುರುಬರ ಹಿರಿಯನ ಪಾರ್ಟು ಬೀರಪ್ಪನದು. ಸಂಶಿಯ ಆಚೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಮನೆಯಲ್ಲಿ ನಿಜವಾಗಿಯೂ ಕುರಿ ಸಾಕಿದ್ದರು. ಅವನು ಕಂಬಳಿ ಹೊದ್ದು ಮಾತಾಡತೊಡಗಿದರೆ ಉಳಿದವರು ತಮ್ಮ ಮಾತು ಮರೆತು ನೋಡುತ್ತ ನಿಲ್ಲುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತೇ? ಇತ್ತು.

ಆ ವರ್ಷ ನಾಟಕ ಕಲಿಸುತ್ತಿದ್ದ ಫಾದರ್‌ಗೆ ವೇದಿಕೆಯ ಮೇಲೆ ಜೀವಂತ ಮರಿಗಳು ಬೇಕೆನಿಸಿತು. ನಾಟಕಕ್ಕೆ ಎರಡು ದಿನ ಇರುವಾಗ ಬೀರಪ್ಪ ಜೋಡಿ ಮರಿ ತಂದ.

"ಅವ್ವ ಕೊಡಾಕ ಒಲ್ಲೆ ಅಂದಿದ್ಲು. ಕಾಲು ಹಿಡದು ತಂದೀನಿ," ಎಂದ.

ಆ ಸಂಜೆ ಮರಿಗಳನ್ನು ವೇಷಭೂಷಣದ ಕೋಣೆಯಲ್ಲಿ ಬಿಟ್ಟು, ಹಸಿ ಹುಲ್ಲು ಹಾಕಿ, ಹೊರಗಿನಿಂದ ಚಿಲಕ ಹಾಕಿ ಅವನು ಬಸ್ಸಿಗೆ ಓಡಿದ. ಚಿಲಕ ಬಿದ್ದ ಸದ್ದು ನಾನು ಕೇಳಿದ್ದೇನೆ. ಅವನು ಹೋದ ಮೇಲೆ ಒಳಗೆ ಹೋದವನು ನಾನು. ರಾಜನ ನಿಲುವಂಗಿ ತೊಟ್ಟು ಕನ್ನಡಿಯಲ್ಲಿ ನೋಡಿಕೊಳ್ಳುವ ಆಸೆ — ಅಷ್ಟೇ, ಬೇರೆ ಕೆಲಸವಿರಲಿಲ್ಲ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ನಿಲುವಂಗಿ ಕಳಚಿ ಎಸೆದು, ಬಾಗಿಲು ಎಳೆದುಕೊಂಡು ಹೊರಟೆ. ಹಾಸ್ಟೆಲಿನ ಮೆಟ್ಟಿಲ ಹತ್ತಿರ ಚಿಲಕ ಹಾಕಲಿಲ್ಲವೆಂದು ನೆನಪಾಯಿತು. ನೆನಪಾಯಿತು — ಆದರೂ ತಿರುಗಿ ಹೋಗಲಿಲ್ಲ.

ಬೆಳಿಗ್ಗೆ ನೋಡಿದರೆ ನಾಯಿಗಳು ಒಂದು ಮರಿಯನ್ನು ಕೊಂದು ಮೈದಾನದವರೆಗೆ ಎಳೆದಿದ್ದವು. ಇನ್ನೊಂದು ಪೆಟ್ಟಿಗೆಗಳ ಹಿಂದೆ ಅಡಗಿ ಬದುಕಿತ್ತು. ಫಾದರ್ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದರು. ಅವರು ಮಂಗಳೂರಿನ ಕಡೆಯವರು, ಎಂದೂ ದನಿ ಏರಿಸಿದವರಲ್ಲ.

"ನಿನ್ನೆ ಕೊನೆಗೆ ಹೋದದ್ದು ಯಾರು?"

ನನ್ನ ಬಾಯಿಂದ ಬಂದ ಮಾತು ಇದು: "ಬೀರಪ್ಪ ರೀ, ಫಾದರ್."

"ನಾ ಚಿಲಕ ಹಾಕೇ ಹೋಗೀನ್ರಿ," ಎಂದ ಬೀರಪ್ಪ.

ಅಲ್ಲಿಗೆ ಸುಮ್ಮನಾಗಿದ್ದರೂ ಆಗುತ್ತಿತ್ತು. ನಾನು ಅವನ ಕಡೆ ತಿರುಗಿ ಕೇಳಿದೆ: "ಖರೇನ ಹಾಕಿದ್ದೇನು? ನೆನಪು ಮಾಡ್ಕೋಲೇ. ಬಸ್ಸಿಗೆ ಓಡಾಕ ಹತ್ತಿದ್ದಿ ನೀ."

ಅವನು ತನ್ನ ಬಲಗೈ ನೋಡಿಕೊಂಡ. "ಹಾಕಿದಂಗ ಐತಿ... ಹಾಕಿಲ್ಲೇನೋ..." ಎಂದ.

ಸುಳ್ಳಿಗಿಂತ ಇದು ದೊಡ್ಡ ತಪ್ಪು. ಅವನ ನೆನಪನ್ನೇ ನಾನು ಕಸಿದುಕೊಂಡೆ.

ಫಾದರ್ ಬೈಯಲಿಲ್ಲ. ಬೀರಪ್ಪನೇ ಪಾರ್ಟು ಬೇಡವೆಂದ. ಉಳಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಊರಿಗೆ ಹೋದ. ನಾಟಕ ಹತ್ತಿಯ ಮರಿಯನ್ನಿಟ್ಟುಕೊಂಡು ನಡೆಯಿತು. ನನಗೆ ಚಪ್ಪಾಳೆ ಬಿತ್ತು. ಡಿಗ್ರಿ ಮುಗಿಯುವವರೆಗೆ ಅವನು ಹಿಂದಿನ ಬೆಂಚಿನಲ್ಲಿ ಕೂತ. ಯಾವ ಸಂಘಕ್ಕೂ, ಯಾವ ಶಿಬಿರಕ್ಕೂ ಬರಲಿಲ್ಲ.

ನಾನು ಹೈಸ್ಕೂಲ್ ಮಾಸ್ತರನಾಗಿ ನಿವೃತ್ತನಾದೆ. ಹೋದ ವರ್ಷ ಹಳೆಯ ವಿದ್ಯಾರ್ಥಿಗಳ ಕೂಟ ಸೇರಿಸುವ ಮಾತು ಬಂದಾಗ ಫೋನಿನಲ್ಲಿ ಒಬ್ಬ ನಕ್ಕು ಕೇಳಿದ: "ಮರೀನ ನಾಯಿ ಬಾಯಿಗೆ ಹಾಕಿದ ಬೀರ್ಯಾ ಬರ್ತಾನೇನು?" ಅಂದರೆ ಆ ಮಾತು ಇನ್ನೂ ಬದುಕಿತ್ತು. ಮರುದಿನವೇ ಸಂಶಿಯ ಬಸ್ ಹತ್ತಿ, ಆಚೆಯ ಅವನ ಹಳ್ಳಿಗೆ ಹೋದೆ.

ಬೀರಪ್ಪ ಅಂಗಳದಲ್ಲಿ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದ. ಗುರುತು ಹಿಡಿದು, "ಬಾರಪಾ, ಕುಂಡರು," ಎಂದ. ಚಹಾ ಬರುವ ಮೊದಲೇ ಹೇಳಿಬಿಟ್ಟೆ — ತಡಮಾಡಿದರೆ ಧೈರ್ಯ ಉಳಿಯುವ ಹಾಗಿರಲಿಲ್ಲ.

ಅವನು ಮೊಮ್ಮಗಳ ಜಡೆಯ ತುದಿಗೆ ರಿಬ್ಬನ್ ಕಟ್ಟಿ ಮುಗಿಸಿದ. ಆಮೇಲೆ, "ಅಂದ್ರ ನಾ ಚಿಲಕ ಹಾಕಿದ್ದೆ?"

"ಹಾಕಿದ್ದಿ. ನಾ ಸಪ್ಪಳ ಕೇಳೀನಿ."

"ಹಾಕಿದ್ದೆ," ಎಂದ ತನಗೆ ತಾನೇ. ಮುಖದಲ್ಲಿ ನಗು ಮೂಡಿತು, ಕಣ್ಣು ತುಂಬಿದವು. "ಏ, ಇಲ್ಲಿ ಬಾ ಬೇ," ಎಂದು ಹೆಂಡತಿಯನ್ನು ಕರೆದು, "ಇನ್ನೊಮ್ಮೆ ಹೇಳು, ಈಕಿ ಕೇಳಲಿ," ಎಂದ. ಆಕೆಯ ಮುಂದೆ ಮತ್ತೆ ಹೇಳಿದೆ.

ಆಕೆ ನಗಲಿಲ್ಲ. "ಸರ, ನೀವು ಈಗ ಬಂದೀರಿ. ನಮ್ಮತ್ತಿ ಸಾಯೂತನಕ ಇವರ ಕೈಯಾಗ ಒಂದು ಮರಿ ನಂಬಿ ಕೊಡಲಿಲ್ಲರಿ."

ಆ ತಾಯಿಗೆ ನಾನು ಹೇಳಬೇಕಾಗಿದ್ದದ್ದು ಹೇಳದೆಯೇ ಉಳಿಯಿತು.

ಹೊರಡುವಾಗ ಬೀರಪ್ಪ ಅಂದ: "ಕೂಟಕ್ಕ ಬರ್ತೀನಿ. ಆದ್ರ ಮೊದಲ ನೀ ಎದ್ದು ಹೇಳಬೇಕು. ಆಮ್ಯಾಲೆ ನಾ ಒಳಗ ಕಾಲಿಡತೀನಿ."

ಹೇಳಿದೆ — ಅದೇ ಸಭಾಂಗಣದಲ್ಲಿ, ಎಲ್ಲರ ಮುಂದೆ. ಅವನು ಬಾಗಿಲ ಹೊರಗೆ ನಿಂತು ಕೇಳಿದ. ಯಾರೋ "ಸಣ್ಣ ಮಾತು, ಬಿಡಪಾ" ಎಂದರು. ಸಣ್ಣದಲ್ಲ ಎಂದೆ.

ಬೀರಪ್ಪ ಒಳಗೆ ಬಂದ. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊಟಕ್ಕೆ ಎಲೆ ಹಾಕಿದಾಗ ಒಂದು ಕಡೆ ಕೂತು, ತನ್ನ ಬಾಜುವಿನ ನೆಲವನ್ನು ಕೈಯಿಂದ ತಟ್ಟಿ ನನ್ನನ್ನು ಕರೆದ. ಹೋಗಿ ಕೂತೆ. ಬಹಳ ದಿನಗಳ ಮೇಲೆ ಹಸಿವಾಗಿತ್ತು. ಹೊಟ್ಟೆ ತುಂಬ ಉಂಡೆ.