ಪೂಜೆಗೆ ಆಫ್ ಮಾಡಹೊರಟಿದ್ದ ಸರ್ವರ್

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಮೊದಲ ಆಯುಧ ಪೂಜೆ. ನಾನಾಗ ವಿಜಯನಗರದ ಒಂದು ಡಯಾಗ್ನೋಸ್ಟಿಕ್ ಲ್ಯಾಬ್‌ನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ನನ್ನ ಮೇಲಿದ್ದವರು ಐಟಿ ಮ್ಯಾನೇಜರ್ ರೇಣುಕಪ್ಪ. ಗೋಡೆಯ ತುಂಬ ಸರ್ಟಿಫಿಕೇಟು ತೂಗುಹಾಕಿಕೊಂಡಿದ್ದ ಮನುಷ್ಯ. ಯಾವ ತೊಂದರೆಗೂ ಅವರ ಬಳಿ ಇದ್ದ ಮದ್ದು ಒಂದೇ, ರೀಸ್ಟಾರ್ಟ್.

ಹಬ್ಬಕ್ಕೆ ಸ್ಕೂಟರ್ ತೊಳೆದಂತೆ ಸರ್ವರನ್ನೂ ತೊಳೆಯಬೇಕೆಂದು ಅವರಿಗೆ ತೋರಿತು. ನಾನು ಬರುವ ಮೊದಲೇ ಕುಳಿತು, rm ಎಂಬ ಕಮಾಂಡ್ ಹೊಡೆದು ಬೇಡವೆನಿಸಿದ ಫೈಲುಗಳನ್ನೆಲ್ಲ ಅಳಿಸಿದರು. rm ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಹಾಗೆ ಅಳಿಸಿದವುಗಳಲ್ಲಿ ಅಂದಿನ ಪರೀಕ್ಷೆಗಳ ಫಲಿತಾಂಶ ಬಂದು ಸೇರುವ ಫೈಲೂ ಇತ್ತು. ಪರೀಕ್ಷೆಯ ಯಂತ್ರ ಹಳೆಯದು, ತನ್ನಲ್ಲಿ ನಕಲು ಇಟ್ಟುಕೊಳ್ಳುತ್ತಿರಲಿಲ್ಲ.

ರಕ್ತವಾದರೆ ಮತ್ತೆ ತೆಗೆಯಬಹುದು. ಆದರೆ ಅಲ್ಲಿ ಕೆಂಗೇರಿಯ ಏಳು ವರ್ಷದ ಹುಡುಗಿಯೊಬ್ಬಳ ಮೂಳೆಮಜ್ಜೆಯ ಫಲಿತಾಂಶವೂ ಇತ್ತು. ಸ್ಯಾಂಪಲ್ ಮುಗಿದಿತ್ತು. ಫೈಲ್ ಸಿಗದಿದ್ದರೆ ಆ ಮಗುವಿನ ಸೊಂಟದ ಮೂಳೆಗೆ ಇನ್ನೊಮ್ಮೆ ಸೂಜಿ ಚುಚ್ಚಬೇಕಿತ್ತು. ತಾಯಿ ರಿಪೋರ್ಟಿಗಾಗಿ ಹೊರಗೆ ಕುಳಿತಿದ್ದರು.

ಫಲಿತಾಂಶ ಕಾಣುತ್ತಿಲ್ಲವೆಂದು ಲ್ಯಾಬ್‌ನವರು ಆಗಲೇ ದೂರಿದ್ದರು. ನಾನು ಬಂದಾಗ ರೇಣುಕಪ್ಪ ಸರ್ವರಿಗೆ ಅರಿಶಿನ ಕುಂಕುಮ ಹಚ್ಚಿಸಿ, ಪೂಜೆಗೆಂದು ಆಫ್ ಮಾಡಲು ಹೊರಟಿದ್ದರು. ಮತ್ತೆ ಆನ್ ಮಾಡಿದರೆ ಫೈಲ್ ತಾನಾಗಿ ಬರುತ್ತದಂತೆ. ಇಂಥ ಅಜ್ಞಾನಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಮೈ ಉರಿಯಿತು. ನಮ್ಮ ಸರ್ವರ್ ಓಡುತ್ತಿದ್ದ ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಫೈಲನ್ನು ತೆರೆದು ಹಿಡಿದಿರುವಷ್ಟು ಹೊತ್ತು, ಹೆಸರು ಅಳಿಸಿದರೂ ಒಳಗಿನದು ಉಳಿದಿರುತ್ತದೆ. ಪ್ರೋಗ್ರಾಂ ನಿಂತರೆ ಅದೂ ಹೋಗುತ್ತದೆ. ಫಲಿತಾಂಶ ಬರೆಯುವ ನಮ್ಮ ಪ್ರೋಗ್ರಾಂ ಇನ್ನೂ ಓಡುತ್ತಿತ್ತು, ಸರ್ವರ್ ಆಫ್ ಆದರೆ ಅದು ನಿಲ್ಲುತ್ತಿತ್ತು.

"ಸಾರ್, ಸ್ವಿಚ್ ಮುಟ್ಬೇಡಿ. ಆಫ್ ಮಾಡಿದ್ರೆ ಆ ಮಗು ರಿಪೋರ್ಟ್ ಹೋಯ್ತು," ಎಂದೆ.

"ರಾಹುಕಾಲ ಬರ್ತಾ ಇದೆ ಕಣಮ್ಮ. ಪುರೋಹಿತರು ಕಾಯ್ತಾ ಇದಾರೆ," ಎಂದರು.

"ಕಾಯ್ಲಿ. ಇಲ್ಲಾಂದ್ರೆ ಹೊರಗೆ ಹೋಗಿ ಆ ತಾಯಿಗೆ ನೀವೇ ಹೇಳಿ."

ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಪಕ್ಕಕ್ಕೆ ಸರಿದರು. lsof ಎಂಬ ಕಮಾಂಡಿನಿಂದ ಆ ಫೈಲನ್ನು ಹಿಡಿದಿದ್ದ ಪ್ರೋಗ್ರಾಮಿನ ನಂಬರ್ ಹುಡುಕಿದೆ. ಅದರ ಜಾಡು ಹಿಡಿದು, ಓಡುತ್ತಿರುವ ಪ್ರೋಗ್ರಾಮುಗಳ ವಿವರವಿರುವ /proc ಒಳಗೆ ಹೋಗಿ, ಅಲ್ಲಿದ್ದುದನ್ನು cp ಬಳಸಿ ಹೊಸ ಫೈಲಿಗೆ ನಕಲು ಮಾಡಿದೆ. ತೆರೆಯ ಮೇಲೆ ಹುಡುಗಿಯ ಹೆಸರು ಕಂಡಾಗ ಕಣ್ಣು ತುಂಬಿ ಬಂತು.

ಬೂದುಗುಂಬಳಕಾಯಿ ಒಡೆದಾದ ಮೇಲೆ ರೇಣುಕಪ್ಪ ರಿಪೋರ್ಟನ್ನು ತಾವೇ ಒಯ್ದು ಕೊಟ್ಟರು. ಆ ತಾಯಿ ಕೈಮುಗಿದಾಗ, "ಇದು ನಮ್ಮ ಡ್ಯೂಟಿ ಅಮ್ಮ," ಎಂದರು. ಆಕೆಯ ಮುಖ ನೋಡಿ ನಾನು ಮರಳಿ ನನ್ನ ಕೀಬೋರ್ಡಿಗೆ ಹೋದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಅಳಿಸಿಹೋದದ್ದನ್ನು ಎಷ್ಟೋ ಸಲ ಮರಳಿ ತರಬಹುದು, ಗಾಬರಿಯಲ್ಲಿ ಮಾಡುವ ಎರಡನೆಯ ಕೆಲಸವೇ ಅದನ್ನು ಪೂರ್ತಿ ಮುಗಿಸುವುದು. ಆದ್ದರಿಂದ ಏನೂ ಗೊತ್ತಿಲ್ಲದವರ ಕೈಗೆ ಇವತ್ತಿಗೂ ಧೈರ್ಯವಾಗಿ ಕೀಬೋರ್ಡ್ ಕೊಡುತ್ತೇನೆ, ತಪ್ಪಾದರೆ ಅವರು ಕೈ ತೆಗೆದು ಕೇಳುತ್ತಾರೆ. ಎಲ್ಲ ಬಲ್ಲೆ ಎನ್ನುವವರ ಕೈಗೆ ಮಾತ್ರ ಕೊಡುವುದಿಲ್ಲ.